ಎಫ್‌ಡಿಡಿ ಸೆಲ್‌ನಲ್ಲಿ 32 ಪೋರ್ಟ್‌ಗಳ ಚಾನೆಲ್ ವರದಿ: ಬಿಟ್‌ಗಳನ್ನು ಎಲ್ಲಿ ಉಳಿಸಬೇಕು?

ಪ್ರಶ್ನೆ: ತರಂಗಿಣಿ

ಎಲ್ಲರಿಗೂ ನಮಸ್ಕಾರ. ನಾನು ಎಂ.ಟೆಕ್. ಎರಡನೆಯ ವರ್ಷದಲ್ಲಿ ಓದುತ್ತಿದ್ದೇನೆ. ಎಫ್‌ಡಿಡಿ ಮೊಬೈಲ್ ಜಾಲದಲ್ಲಿ, ಅಂದರೆ ಅಪ್‌ಲಿಂಕ್‌ಗೂ (ಮೊಬೈಲ್‌ನಿಂದ ಬೇಸ್ ಸ್ಟೇಷನ್‌ಗೆ) ಡೌನ್‌ಲಿಂಕ್‌ಗೂ (ಬೇಸ್ ಸ್ಟೇಷನ್‌ನಿಂದ ಮೊಬೈಲ್‌ಗೆ) ಬೇರೆ ಬೇರೆ ಆವೃತ್ತಿ ಇರುವಲ್ಲಿ, ಚಾನೆಲ್ ಹೇಗಿದೆ ಎಂದು ಮೊಬೈಲ್ ಕಳಿಸುವ ಫೀಡ್‌ಬ್ಯಾಕ್‌ನ ಹೊರೆಯನ್ನು ತಗ್ಗಿಸುವುದು ನನ್ನ ಪ್ರಾಜೆಕ್ಟಿನ ವಿಷಯ. ಎರಡು ತಿಂಗಳಿಂದ ಒಂದೇ ಕಡೆ ನಿಂತುಬಿಟ್ಟಿರುವುದರಿಂದ ಸ್ವಲ್ಪ ವಿವರವಾಗಿಯೇ ಕೇಳುತ್ತಿದ್ದೇನೆ.

ಟಿಡಿಡಿಯಲ್ಲಿ ಅಪ್‌ಲಿಂಕ್‌ಗೂ ಡೌನ್‌ಲಿಂಕ್‌ಗೂ ಒಂದೇ ಆವೃತ್ತಿ ಇರುವುದರಿಂದ, ಮೊಬೈಲ್ ಕಳಿಸುವ ಎಸ್‌ಆರ್‌ಎಸ್ ಸಂಕೇತವನ್ನು ಅಳೆದೇ ಬೇಸ್ ಸ್ಟೇಷನ್ ಡೌನ್‌ಲಿಂಕ್ ಚಾನೆಲನ್ನು ತಿಳಿದುಕೊಳ್ಳಬಹುದು. ನಾನು ಆರಿಸಿಕೊಂಡಿರುವ ಬ್ಯಾಂಡ್ 3ರಲ್ಲಿ ಆ ಅನುಕೂಲವಿಲ್ಲ. ಅಲ್ಲಿ ಅಪ್‌ಲಿಂಕ್ 1710ರಿಂದ 1785 ಮೆಗಾಹರ್ಟ್ಸ್, ಡೌನ್‌ಲಿಂಕ್ 1805ರಿಂದ 1880 ಮೆಗಾಹರ್ಟ್ಸ್, ಜೋಡಿಯಾದ ಅಪ್‌ಲಿಂಕ್ ಮತ್ತು ಡೌನ್‌ಲಿಂಕ್ ಆವೃತ್ತಿಗಳ ನಡುವೆ 95 ಮೆಗಾಹರ್ಟ್ಸ್ ಅಂತರ. ಹೀಗಾಗಿ ಡೌನ್‌ಲಿಂಕ್ ಹೇಗಿದೆ ಎಂಬುದನ್ನು ಮೊಬೈಲೇ ಅಳೆದು, ಬಿಟ್‌ಗಳಾಗಿ ಬರೆದು, ಅಪ್‌ಲಿಂಕ್‌ನಲ್ಲಿ ಹೇಳಬೇಕು.

ನನ್ನ ಸಿಮ್ಯುಲೇಷನ್‌ನಲ್ಲಿ ಬೇಸ್ ಸ್ಟೇಷನ್‌ಗೆ ಅಡ್ಡಲಾಗಿ 8, ಉದ್ದಕ್ಕೆ 2, ಎರಡು ಪೋಲರೈಸೇಷನ್ ಸೇರಿ 32 ಪೋರ್ಟ್‌ಗಳಿವೆ (ಪೋರ್ಟ್ ಎಂದರೆ ಮೊಬೈಲ್ ಪ್ರತ್ಯೇಕವಾಗಿ ಅಳೆಯಬಲ್ಲ ಆಂಟೆನಾ ದ್ವಾರ). ಮೊಬೈಲ್‌ಗೆ 4 ಆಂಟೆನಾಗಳು. 10 ಮೆಗಾಹರ್ಟ್ಸ್‌ನಲ್ಲಿ 52 ರಿಸೋರ್ಸ್ ಬ್ಲಾಕ್‌ಗಳನ್ನು (ಆವೃತ್ತಿಯ ಸಣ್ಣ ತುಂಡುಗಳನ್ನು) ನಾಲ್ಕು ನಾಲ್ಕಾಗಿ ಕಟ್ಟಿದರೆ 13 ಸಬ್‌ಬ್ಯಾಂಡ್‌ಗಳಾಗುತ್ತವೆ. ಇಡೀ ಚಾನೆಲನ್ನು ಹಾಗೆಯೇ ಕಳಿಸುವುದಾದರೆ 32 × 13 × 4, ಅಂದರೆ 1,664 ಸಂಮಿಶ್ರ ಸಂಖ್ಯೆಗಳು. ಒಂದೊಂದಕ್ಕೆ 16 ಬಿಟ್ ಎಂದರೆ 26,624 ಬಿಟ್‌ಗಳು. 5 ಮಿಲಿಸೆಕೆಂಡಿಗೊಮ್ಮೆ ಕಳಿಸಿದರೆ ಒಬ್ಬ ಬಳಕೆದಾರನಿಗೇ ಸೆಕೆಂಡಿಗೆ 5.3 ಮೆಗಾಬಿಟ್ ಬೇಕು. ಅಂಥ ಹತ್ತು ಮಂದಿ ಸೇರಿದರೆ 10 ಮೆಗಾಹರ್ಟ್ಸ್‌ನ ಇಡೀ ಅಪ್‌ಲಿಂಕ್ ಈ ವರದಿಗೇ ಮುಗಿದುಹೋಗುತ್ತದೆ.

ಆದ್ದರಿಂದ ಮೊಬೈಲ್ ಮಾನದಂಡಗಳನ್ನು ರಿಲೀಸ್‌ಗಳಾಗಿ ಹೊರತರುವ 3ಜಿಪಿಪಿಯ ಕೋಡ್‌ಬುಕ್‌ಗಳನ್ನು (ಚಾನೆಲನ್ನು ಕೆಲವೇ ಬಿಟ್‌ಗಳಲ್ಲಿ ಹೇಳಲು ಎರಡೂ ಕಡೆ ಇಟ್ಟುಕೊಳ್ಳುವ ಕೋಷ್ಟಕಗಳನ್ನು) ಒಂದೊಂದಾಗಿ ಬರೆದು ನೋಡಿದೆ. ಒಂದೇ ಲೇಯರ್‌ಗೆ (ಒಂದೇ ಡೇಟಾ ಹರಿವಿಗೆ) ಟೈಪ್ 1 ಕೋಡ್‌ಬುಕ್ 34 ಬಿಟ್‌ಗಳಲ್ಲಿ ಮುಗಿಯುತ್ತದೆ. ರಿಲೀಸ್ 15ರ ಟೈಪ್ 2, ನಾಲ್ಕು ಬೀಮ್‌ಗಳೊಂದಿಗೆ, ಬೀಮ್‌ಗಳ ಆಯ್ಕೆಗೂ ಒಟ್ಟಾರೆ ಆಂಪ್ಲಿಟ್ಯೂಡ್‌ಗಳಿಗೂ 39 ಬಿಟ್, ಪ್ರತಿ ಸಬ್‌ಬ್ಯಾಂಡ್‌ಗೆ 24 ಬಿಟ್, ಹೀಗೆ ಒಟ್ಟು 351 ಬಿಟ್ ಕೇಳುತ್ತದೆ. ಎರಡು ಲೇಯರ್‌ಗೆ 687. ರಿಲೀಸ್ 16ರ ಸುಧಾರಿತ ಟೈಪ್ 2 ಇದನ್ನು ಸುಮಾರು ಅರ್ಧಕ್ಕೆ ಇಳಿಸಬೇಕು. 13 ಸಬ್‌ಬ್ಯಾಂಡ್‌ಗಳ ಸಹಗುಣಕಗಳನ್ನು ಡಿಎಫ್‌ಟಿ (ಡಿಸ್ಕ್ರೀಟ್ ಫೋರಿಯರ್ ಪರಿವರ್ತನೆ) ಮೂಲಕ ವಿಳಂಬದ ಕಡೆಗೆ ತಿರುಗಿಸಿ, 13ರಲ್ಲಿ 4 ಘಟಕಗಳನ್ನಷ್ಟೇ ಇಟ್ಟುಕೊಂಡು, ಅವುಗಳಲ್ಲೂ ದೊಡ್ಡ 16 ಸಹಗುಣಕಗಳನ್ನು ಮಾತ್ರ ಕಳಿಸಿದರೆ ಹೆಚ್ಚೆಂದರೆ 170 ಬಿಟ್‌ಗಳ ಆಸುಪಾಸಿನಲ್ಲಿ ಒಂದು ಲೇಯರ್ ಮುಗಿಯುತ್ತದೆ ಎಂಬುದು ನನ್ನ ಲೆಕ್ಕ.

ತೊಂದರೆ ಇರುವುದು ಇಲ್ಲೇ. ನನ್ನ ಪ್ರೋಗ್ರಾಮಿನಲ್ಲಿ ಶಕ್ತಿಯು ನಾಲ್ಕು ಘಟಕಗಳಲ್ಲಿ ಸೇರುತ್ತಲೇ ಇಲ್ಲ; 13ರಲ್ಲೂ ಚದುರಿಹೋಗುತ್ತದೆ. ನಾಲ್ಕನ್ನು ಉಳಿಸಿ ಉಳಿದದ್ದನ್ನು ಬಿಟ್ಟರೆ, ಮರಳಿ ಕಟ್ಟಿದ ಪ್ರಿಕೋಡರ್ (ಸಂಕೇತವನ್ನು ಬಳಕೆದಾರನ ಕಡೆಗೆ ತಿರುಗಿಸಲು ಪೋರ್ಟ್‌ಗಳಿಗೆ ಕೊಡುವ ತೂಕಗಳು) ರಿಲೀಸ್ 15ಕ್ಕಿಂತ ಎಷ್ಟೋ ಕೆಟ್ಟದಾಗಿರುತ್ತದೆ. ಚಾನೆಲ್ ಮಾದರಿ ಸರಿಯಿದೆ. ವಿಳಂಬದ ಹರಹು ದೊಡ್ಡದೇನೂ ಅಲ್ಲ. ನನ್ನ ಮಾರ್ಗದರ್ಶಕರು, ಇದನ್ನು ಕೈಬಿಟ್ಟು ನ್ಯೂರಲ್ ನೆಟ್‌ವರ್ಕ್‌ನಿಂದ ಸಂಕುಚಿಸಿ ನೋಡಿ ಎಂದಿದ್ದಾರೆ. ನಾನು ಎಲ್ಲಿ ಎಡವಿದ್ದೇನೆ? ನ್ಯೂರಲ್ ನೆಟ್‌ವರ್ಕ್‌ಗೆ ಹೋಗುವುದು ನಿಜಕ್ಕೂ ಮುಂದಿನ ಹೆಜ್ಜೆಯೇ?

ಉತ್ತರ: ಮ್ಯಾಟ್ರಿಕ್ಸ್ ಮೇಷ್ಟ್ರು

ತರಂಗಿಣಿ ಅವರೇ, ನಿಮ್ಮ ಬಿಟ್ ಲೆಕ್ಕ ಸರಿಯಾಗಿದೆ, ಚಾನೆಲ್ ಮಾದರಿಯೂ ಸರಿಯಾಗಿದೆ ಎಂದೇ ಇಟ್ಟುಕೊಳ್ಳುತ್ತೇನೆ. ತಪ್ಪು ಬಹುಮಟ್ಟಿಗೆ ನಿಮ್ಮ ಪ್ರೋಗ್ರಾಮಿನ ಎಸ್‌ವಿಡಿ (ಮ್ಯಾಟ್ರಿಕ್ಸನ್ನು ಅದರ ಪ್ರಬಲ ದಿಕ್ಕುಗಳಾಗಿ ಬಿಡಿಸುವ ಲೆಕ್ಕ) ಸಾಲಿನಲ್ಲಿದೆ. ಪ್ರತಿ ಸಬ್‌ಬ್ಯಾಂಡ್‌ನ ಚಾನೆಲ್ ಮ್ಯಾಟ್ರಿಕ್ಸ್‌ಗೂ ಪ್ರತ್ಯೇಕವಾಗಿ ಎಸ್‌ವಿಡಿ ಮಾಡಿ, ಬಂದ ಐಗನ್‌ವೆಕ್ಟರ್‌ಗಳನ್ನು (ಆ ದಿಕ್ಕುಗಳನ್ನು) ಹಾಗೆಯೇ ಡಿಎಫ್‌ಟಿಗೆ ಕೊಟ್ಟಿದ್ದೀರಿ ಎಂದು ನನ್ನ ಊಹೆ.

ಒಂದು ವೆಕ್ಟರ್ ಐಗನ್‌ವೆಕ್ಟರ್ ಆಗಿದ್ದರೆ, ಅದನ್ನು ಯಾವ ಫೇಸ್‌ನಿಂದ (ಕೋನದಿಂದ) ತಿರುಗಿಸಿದರೂ ಅದು ಐಗನ್‌ವೆಕ್ಟರ್ ಆಗಿಯೇ ಉಳಿಯುತ್ತದೆ. ಯಾವ ಫೇಸ್ ಕೊಡಬೇಕೆಂಬುದನ್ನು ಎಸ್‌ವಿಡಿ ಲೈಬ್ರರಿ ತನ್ನ ಒಳಗಿನ ಅನುಕೂಲಕ್ಕೆ ತಕ್ಕಂತೆ ಆರಿಸುತ್ತದೆಯೇ ಹೊರತು, ಪಕ್ಕದ ಸಬ್‌ಬ್ಯಾಂಡ್‌ಗೆ ಏನು ಕೊಟ್ಟೆ ಎಂದು ತಿರುಗಿ ನೋಡುವುದಿಲ್ಲ. ರಿಲೀಸ್ 15ರಲ್ಲಿ ಪ್ರತಿ ಸಬ್‌ಬ್ಯಾಂಡ್‌ನ ವರದಿ ಬೇರೆಯಾಗಿಯೇ ಹೋಗುವುದರಿಂದ ಇದು ನಿಮಗೆ ಕಾಣಿಸಲಿಲ್ಲ. ರಿಲೀಸ್ 16 ಅಷ್ಟೂ ಸಬ್‌ಬ್ಯಾಂಡ್‌ಗಳನ್ನು ಒಂದೇ ದಾರದಲ್ಲಿ ಪೋಣಿಸುತ್ತದೆ. 13 ಮಂದಿ ಒಂದೇ ಪದವನ್ನು 13 ಶ್ರುತಿಗಳಲ್ಲಿ ಹಾಡಿದಂತೆ ಫೇಸ್ ಜಿಗಿಯುತ್ತಿದ್ದರೆ, ಚಾನೆಲ್ ಎಷ್ಟೇ ನಯವಾಗಿದ್ದರೂ ಡಿಎಫ್‌ಟಿಗೆ ಕಾಣಿಸುವುದು ಗದ್ದಲವೇ.

ಪರೀಕ್ಷಿಸುವುದು ಸುಲಭ. ಅತಿ ಪ್ರಬಲವಾದ ಒಂದು ಬೀಮ್ ತೆಗೆದುಕೊಂಡು, 13 ಸಬ್‌ಬ್ಯಾಂಡ್‌ಗಳಲ್ಲಿ ಅದರ ಸಹಗುಣಕದ ಫೇಸ್ ಅನ್ನು ಒಂದು ಸಾಲಿನಲ್ಲಿ ಮುದ್ರಿಸಿ. ಮೊದಲನೆಯದು 20 ಡಿಗ್ರಿ, ಎರಡನೆಯದು 170, ಮೂರನೆಯದು ಮೈನಸ್ 95 ಎಂಬಂತೆ ತಳಬುಡವಿಲ್ಲದೆ ಓಡಾಡುತ್ತಿದ್ದರೆ ರೋಗ ಇದೇ. ಮದ್ದು ಎರಡು ಸಾಲಿನದು: ಎರಡನೆಯ ಸಬ್‌ಬ್ಯಾಂಡ್‌ನಿಂದ ಆರಂಭಿಸಿ, ಈಗಾಗಲೇ ಸರಿಪಡಿಸಿದ ಹಿಂದಿನ ವೆಕ್ಟರ್ ಜೊತೆ ಈಗಿನ ವೆಕ್ಟರ್‌ನ ಒಳಗುಣಲಬ್ಧ ತೆಗೆಯಿರಿ, ಅದರ ಕೋನ ಎಷ್ಟೋ ಅಷ್ಟನ್ನು ಈಗಿನ ವೆಕ್ಟರ್‌ನಿಂದ ಹಿಂದಕ್ಕೆ ತಿರುಗಿಸಿ. ಹೀಗೆ 13ರವರೆಗೂ ಸಾಗಿದ ಮೇಲೆ ಅದೇ ಬೀಮ್‌ನ ಫೇಸ್ ಮೆಲ್ಲಗೆ ಇಳಿಜಾರಾಗಿ ಸಾಗಬೇಕು.

ಪ್ರಬಲ ಬೀಮ್‌ನ ಸಹಗುಣಕವನ್ನು ಪ್ರತಿ ಸಬ್‌ಬ್ಯಾಂಡ್‌ನಲ್ಲೂ ವಾಸ್ತವ ಸಂಖ್ಯೆಯಾಗಿಸುವ ಇನ್ನೊಂದು ದಾರಿಯೂ ಇದೆ, ಹಲವರು ಅದನ್ನೇ ಬಳಸುತ್ತಾರೆ. ನಾನು ಅದನ್ನು ಅಷ್ಟಾಗಿ ಒಪ್ಪುವುದಿಲ್ಲ. ಆ ಬೀಮ್ ಯಾವುದಾದರೂ ಒಂದು ಸಬ್‌ಬ್ಯಾಂಡ್‌ನಲ್ಲಿ ಕ್ಷೀಣಿಸಿದರೆ, ಅಲ್ಲಿನ ಫೇಸ್ ಬರೀ ಗದ್ದಲವಾಗಿ, ಆ ಗದ್ದಲವನ್ನು ಉಳಿದ ಏಳು ಸಹಗುಣಕಗಳಿಗೂ ಹಂಚಿದಂತಾಗುತ್ತದೆ.

ಎರಡು ಲೇಯರ್‌ಗೆ ಹೋದಾಗ ಇನ್ನೊಂದು ಎಚ್ಚರಿಕೆ ಬೇಕು. ಮೊದಲ ಎರಡು ಐಗನ್‌ಮೌಲ್ಯಗಳು ಹತ್ತಿರ ಹತ್ತಿರ ಇದ್ದರೆ, ಒಂದು ಸಬ್‌ಬ್ಯಾಂಡ್‌ನಲ್ಲಿ ಮೊದಲನೆಯದಾಗಿದ್ದ ದಿಕ್ಕು ಪಕ್ಕದಲ್ಲಿ ಎರಡನೆಯದಾಗಿ ಬರಬಹುದು. ಎಸ್‌ವಿಡಿ ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸುತ್ತದೆ. ಯಾವುದು ಯಾವುದರ ಮುಂದುವರಿಕೆ ಎಂಬುದು ಅದಕ್ಕೆ ಬೇಕಿಲ್ಲ. ಒಳಗುಣಲಬ್ಧ ಇದ್ದಕ್ಕಿದ್ದಂತೆ ಸೊನ್ನೆಯ ಹತ್ತಿರ ಬಂದರೆ ಅದಲುಬದಲಾಗಿದೆ ಎಂದು ತಿಳಿದು, ಹಿಂದಿನದಕ್ಕೆ ಹೊಂದುವ ವೆಕ್ಟರನ್ನೇ ಆರಿಸಿಕೊಳ್ಳಿ.

ಜೋಡಣೆ ಸರಿಹೋದ ಮೇಲೆ, ಅತಿ ಪ್ರಬಲ ಸಹಗುಣಕ ಯಾವ ವಿಳಂಬದಲ್ಲಿದೆಯೋ ಅದನ್ನು ಸೊನ್ನೆಯ ಸ್ಥಾನಕ್ಕೆ ಸರಿಸುವುದನ್ನು ಮರೆಯಬೇಡಿ. ಎಲ್ಲ ಸಹಗುಣಕಗಳನ್ನೂ ಒಟ್ಟಿಗೆ ಸರಿಸಿದರೆ ಪ್ರಿಕೋಡರ್ ಕೆಡುವುದಿಲ್ಲ, ಏಕೆಂದರೆ ಇಡೀ ಸಬ್‌ಬ್ಯಾಂಡ್‌ಗೆ ಸಾಮಾನ್ಯವಾದ ಫೇಸ್ ಯಾರಿಗೂ ಬೇಕಾಗಿಲ್ಲ. ಸೊನ್ನೆಯ ಘಟಕ ಯಾವಾಗಲೂ ಆಯ್ಕೆಯಲ್ಲಿರುತ್ತದೆ ಎಂದಾದರೆ ಉಳಿದ 12ರಲ್ಲಿ 3ನ್ನು ಆರಿಸಿದರೆ ಸಾಕು. ಅದಕ್ಕೆ 220 ವಿಧಾನಗಳು, ಅಂದರೆ 8 ಬಿಟ್‌ಗಳು. ಬೇಸ್ ಸ್ಟೇಷನ್‌ಗೆ ಬೇಕಿಲ್ಲದ್ದನ್ನು ಕಳಿಸದೆ ಬಿಡುವುದೇ ಅತಿ ಅಗ್ಗದ ಸಂಕುಚನ ಎಂಬುದನ್ನು ನನ್ನ ವಿದ್ಯಾರ್ಥಿಗಳಿಗೂ ಹೇಳುತ್ತಿರುತ್ತೇನೆ.

ಉತ್ತರ: ಹಳೆಯ ಟವರ್

ಮೇಷ್ಟ್ರು ರೋಗವನ್ನು ಸರಿಯಾಗಿ ಹಿಡಿದಿದ್ದಾರೆ. ನಾನು ಫೀಲ್ಡ್‌ನಲ್ಲಿ ಬಹಳ ವರ್ಷ ಕೆಲಸ ಮಾಡಿದವನಾದ್ದರಿಂದ ಆ ಕಡೆಯ ಎರಡು ಮಾತು ಸೇರಿಸುತ್ತೇನೆ. ಎಷ್ಟು ಬಿಟ್ ಎಂಬುದಕ್ಕಿಂತ ಮುಂಚೆ, ಆ ಬಿಟ್‌ಗಳು ತಲುಪುವ ಹೊತ್ತಿಗೆ ಅವು ಹೇಳುವ ಮಾತು ನಿಜವಾಗಿ ಉಳಿದಿರುತ್ತದೆಯೇ ಎಂದು ಕೇಳಿಕೊಳ್ಳಬೇಕು.

ನಿಮ್ಮ ಡೌನ್‌ಲಿಂಕ್ ಆವೃತ್ತಿ ಸುಮಾರು 1.84 ಗಿಗಾಹರ್ಟ್ಸ್. ಗಂಟೆಗೆ 3 ಕಿಲೋಮೀಟರ್ ವೇಗದಲ್ಲಿ ನಡೆಯುವವರಿಗೆ ಡಾಪ್ಲರ್ (ಚಲನೆಯಿಂದ ಆವೃತ್ತಿಯಲ್ಲಾಗುವ ಪಲ್ಲಟ) 5 ಹರ್ಟ್ಸ್‌ನಷ್ಟು. ಚಾನೆಲ್ ಸುಮಾರು 80 ಮಿಲಿಸೆಕೆಂಡು ಹಾಗೆಯೇ ಇರುತ್ತದೆ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಡಾಪ್ಲರ್ 102 ಹರ್ಟ್ಸ್. ಚಾನೆಲ್ 4 ಮಿಲಿಸೆಕೆಂಡಿನಲ್ಲೇ ಬದಲಾಗುತ್ತದೆ. ಅಳತೆ, ಲೆಕ್ಕ, ಅಪ್‌ಲಿಂಕ್ ಅನುಮತಿ, ರವಾನೆ, ಶೆಡ್ಯೂಲರ್‌ನ ತೀರ್ಮಾನ ಇವೆಲ್ಲ ಸೇರಿ ವರದಿಯೊಂದು ಬಳಕೆಗೆ ಬರುವಷ್ಟರಲ್ಲಿ ಅಷ್ಟು ಹೊತ್ತು ಕಳೆದೇ ಹೋಗಿರುತ್ತದೆ. ಅಂಥವರಿಂದ 351 ಬಿಟ್‌ಗಳ ಟೈಪ್ 2 ವರದಿ ತರಿಸಿಕೊಳ್ಳುವುದು ನಿನ್ನೆಯ ಪತ್ರಿಕೆಯನ್ನು ಇಂದು ದುಡ್ಡು ಕೊಟ್ಟು ಕೊಂಡಂತೆ. ಬಿಎಂಟಿಸಿ ಬಸ್ಸಿನಲ್ಲಿ ಕುಳಿತವರನ್ನೇ ನೋಡಿ: ಸಿಗ್ನಲ್‌ನಲ್ಲಿ ಬಸ್ಸು ನಿಂತಿರುವ ಎರಡು ನಿಮಿಷ ಅವರ ವರದಿ ಬಂಗಾರ, ಮೇಲ್ಸೇತುವೆ ಏರಿ ಓಡತೊಡಗಿದ ಕೂಡಲೇ ಅವರಿಗೆ 34 ಬಿಟ್‌ಗಳ ಟೈಪ್ 1 ಸಾಕು. ಬಳಕೆದಾರರ ವೇಗವನ್ನು ಅಂದಾಜಿಸಿ ವರದಿಯ ಬಗೆಯನ್ನೂ ಅವಧಿಯನ್ನೂ ಬದಲಿಸುವುದರಿಂದ ಆಗುವ ಉಳಿತಾಯ, ಕೋಡ್‌ಬುಕ್‌ನಲ್ಲಿ ಬಿಟ್ ಹೆಕ್ಕುವುದರಿಂದ ಆಗುವುದಕ್ಕಿಂತ ಹೆಚ್ಚು ಎಂಬುದು ನನ್ನ ಅನುಭವ. ರಿಲೀಸ್ 18ರಲ್ಲಿ ವೇಗವಾಗಿ ಚಲಿಸುವವರಿಗಾಗಿ ಡಾಪ್ಲರ್ ದಿಕ್ಕಿನಲ್ಲೂ ಸಂಕುಚಿಸಿ, ಮುಂದಿನ ಕೆಲವು ಸ್ಲಾಟ್‌ಗಳ ಚಾನೆಲನ್ನು ಮುಂಚಿತವಾಗಿ ಅಂದಾಜಿಸಿ ಹೇಳುವ ಕೋಡ್‌ಬುಕ್ ಬಂದಿದೆ. ಪ್ರಾಜೆಕ್ಟಿನ ಎರಡನೆಯ ಹಂತಕ್ಕೆ ಅದನ್ನು ಗಮನಿಸಿ.

ಇನ್ನೊಂದು ಮಾತು ಅಪ್‌ಲಿಂಕ್ ಕುರಿತದ್ದು. ಸೆಲ್‌ನ ಅಂಚಿನಲ್ಲಿರುವ ಮೊಬೈಲ್‌ಗೆ ಇರುವ ಶಕ್ತಿಯೇ 200 ಮಿಲಿವ್ಯಾಟ್. ನಾನು ಒಮ್ಮೆ ಅಂಚಿನ ಬಳಕೆದಾರರ ಲಾಗ್‌ಗಳನ್ನು ಸಾಲುಸಾಲಾಗಿ ಓದುತ್ತಿದ್ದಾಗ, ಟೈಪ್ 2 ವರದಿಗಳ ಮೊದಲ ಭಾಗ ಬರುತ್ತಿತ್ತು, ಎರಡನೆಯ ಭಾಗ ಮೊಟಕಾಗಿ ಬರುತ್ತಿತ್ತು. ನಿಯಮವೇ ಹಾಗಿದೆ: ಲೇಯರ್‌ಗಳ ಸಂಖ್ಯೆ, ಸಿಕ್ಯೂಐ (ಚಾನೆಲ್ ಗುಣಮಟ್ಟದ ಸೂಚಕ), ಸೊನ್ನೆಯಲ್ಲದ ಸಹಗುಣಕಗಳ ಎಣಿಕೆ ಇವು ಮೊದಲ ಭಾಗದಲ್ಲಿ ಗೊತ್ತಾದ ಅಳತೆಯಲ್ಲಿ ಹೋಗುತ್ತವೆ, ಎರಡನೆಯ ಭಾಗಕ್ಕೆ ಜಾಗ ಸಾಲದಿದ್ದರೆ, ರಿಲೀಸ್ 15ರಲ್ಲಿ, ಬೆಸ ಸಂಖ್ಯೆಯ ಸಬ್‌ಬ್ಯಾಂಡ್‌ಗಳನ್ನು ಮೊದಲು ಕೈಬಿಡಲಾಗುತ್ತದೆ. ಎಂದರೆ ನೀವು ಲೆಕ್ಕ ಹಾಕಿದ 351 ಬಿಟ್‌ಗಳು ಎಲ್ಲರಿಂದಲೂ ಪೂರ್ತಿ ಬಂದೇ ಬರುತ್ತವೆ ಎಂದು ಸಿಮ್ಯುಲೇಷನ್‌ನಲ್ಲಿ ಭಾವಿಸಿಕೊಳ್ಳಬೇಡಿ. ಕೈಬಿಡುವ ಈ ನಿಯಮವನ್ನೂ ಬರೆದುಕೊಳ್ಳಿ.

ಈಗ ನಿಮ್ಮ 95 ಮೆಗಾಹರ್ಟ್ಸ್ ವಿಷಯಕ್ಕೆ ಬರುತ್ತೇನೆ. ಎಫ್‌ಡಿಡಿಯಲ್ಲಿ ಅಪ್‌ಲಿಂಕ್‌ನಿಂದ ಏನೂ ತಿಳಿಯುವುದಿಲ್ಲ ಎಂದು ನೀವು ಬರೆದಂತಿದೆ. ಅದು ಅರ್ಧ ನಿಜ. ಎರಡು ದಾರಿಗಳಲ್ಲಿ ಸಂಕೇತ ಬರುತ್ತಿದ್ದು, ಒಂದು ಇನ್ನೊಂದಕ್ಕಿಂತ 30 ಮೀಟರ್ ಉದ್ದವಾಗಿದೆ ಎನ್ನಿ. ಅಂದರೆ 100 ನ್ಯಾನೊಸೆಕೆಂಡು ತಡ. ಅಪ್‌ಲಿಂಕ್‌ನಿಂದ ಡೌನ್‌ಲಿಂಕ್‌ಗೆ 95 ಮೆಗಾಹರ್ಟ್ಸ್ ಜರುಗಿದರೆ ಈ ಎರಡು ದಾರಿಗಳ ನಡುವಿನ ಫೇಸ್ ಒಂಬತ್ತೂವರೆ ಸುತ್ತು ತಿರುಗುತ್ತದೆ. ಅದನ್ನು ಲೆಕ್ಕದಿಂದ ಸರಿಪಡಿಸಬೇಕೆಂದರೆ ವಿಳಂಬವನ್ನು ಸುಮಾರು 1 ನ್ಯಾನೊಸೆಕೆಂಡಿನಷ್ಟು ನಿಖರವಾಗಿ ತಿಳಿದಿರಬೇಕು. 10 ಮೆಗಾಹರ್ಟ್ಸ್ ಅಗಲದ ಸಂಕೇತ ಬಿಡಿಸಿ ತೋರಿಸಬಲ್ಲದ್ದು ಸುಮಾರು 100 ನ್ಯಾನೊಸೆಕೆಂಡನ್ನು. ಹಾಗಾಗಿ ಫೇಸ್ ಅಪ್‌ಲಿಂಕ್‌ನಿಂದ ಸಿಗುವುದಿಲ್ಲ. ಆದರೆ ಆ 30 ಮೀಟರ್ ಎಲ್ಲಿಗೂ ಹೋಗಿಲ್ಲ. ಅದೇ ಕಟ್ಟಡ, ಅದೇ ಗೋಡೆ, ಅದೇ ಕೋನ. ಸಂಕೇತ ಯಾವ ಕೋನದಿಂದ ಬರುತ್ತಿದೆ, ಎಷ್ಟು ತಡವಾಗಿ ಬರುತ್ತಿದೆ ಎಂಬುದು ಎರಡೂ ಆವೃತ್ತಿಗಳಲ್ಲಿ ಬಹುಮಟ್ಟಿಗೆ ಒಂದೇ.

ರಿಲೀಸ್ 17ರ ಪೋರ್ಟ್ ಆಯ್ಕೆಯ ಕೋಡ್‌ಬುಕ್ ನಿಂತಿರುವುದು ಇದರ ಮೇಲೆಯೇ. ಬೇಸ್ ಸ್ಟೇಷನ್ ಎಸ್‌ಆರ್‌ಎಸ್‌ನಿಂದ ಕೋನಗಳನ್ನೂ ವಿಳಂಬಗಳನ್ನೂ ಕಂಡುಕೊಂಡು, ಅವಕ್ಕೆ ತಕ್ಕಂತೆ ಮೊದಲೇ ರೂಪಿಸಿದ ಸಿಎಸ್‌ಐ (ಚಾನೆಲ್ ಸ್ಥಿತಿಯ ಮಾಹಿತಿ) ಸಂಕೇತಗಳನ್ನು ಮೊಬೈಲ್ ಅಳೆಯಲೆಂದು ಕಳಿಸುತ್ತದೆ. ಒಂದೊಂದು ಪೋರ್ಟ್ ಒಂದೊಂದು ಕೋನ ಮತ್ತು ವಿಳಂಬದ ಜೋಡಿಗೆ ಮೀಸಲು. ಮೊಬೈಲ್ ಮಾಡಬೇಕಾದ್ದು ಇಷ್ಟೇ: ಯಾವ ಪೋರ್ಟ್‌ಗಳು ಪ್ರಬಲವಾಗಿವೆ, ಅವುಗಳ ಆಂಪ್ಲಿಟ್ಯೂಡ್ ಮತ್ತು ಫೇಸ್ ಎಷ್ಟು ಎಂದು ಹೇಳುವುದು. ಇದಕ್ಕೂ ಬೆಲೆಯಿದೆ. ಅಂಚಿನ ಬಳಕೆದಾರರ ಎಸ್‌ಆರ್‌ಎಸ್ ದುರ್ಬಲವಾಗಿರುತ್ತದೆ. ಆಂಟೆನಾ ಸಾಲಿನ ರವಾನೆ ಮತ್ತು ಗ್ರಹಣ ಎರಡೂ ಕಡೆಯ ಕ್ಯಾಲಿಬ್ರೇಷನ್ ಸರಿಯಿಲ್ಲದಿದ್ದರೆ ಕೋನವೇ ತಪ್ಪುತ್ತದೆ. ಆದರೂ ನಿಮ್ಮ ಬ್ಯಾಂಡ್‌ಗೆ ನ್ಯೂರಲ್ ನೆಟ್‌ವರ್ಕ್‌ಗಿಂತ ಮೊದಲು ನೋಡಬೇಕಾದ್ದು ಇದನ್ನೇ ಎಂಬುದು ನನ್ನ ಖಚಿತ ಅಭಿಪ್ರಾಯ.

ಉತ್ತರ: ಡೇಟಾಸೆಟ್ ಓದುಗ

ನ್ಯೂರಲ್ ನೆಟ್‌ವರ್ಕ್ ಕಡೆ ಮೂರು ವರ್ಷ ಕೆಲಸ ಮಾಡಿದ್ದೇನೆ. ಆ ದಾರಿ ವ್ಯರ್ಥವೆಂದು ನಾನು ಹೇಳುವುದಿಲ್ಲ. ಆದರೆ ಲೇಖನಗಳಲ್ಲಿನ ಅನುಪಾತಗಳನ್ನು ಬಿಟ್ ಎಂದು ಓದಿಕೊಂಡರೆ ಮೋಸಹೋಗುತ್ತೀರಿ.

ಈ ಕ್ಷೇತ್ರಕ್ಕೆ ದಾರಿ ತೋರಿದ್ದು ವೆನ್, ಶಿಹ್ ಮತ್ತು ಜಿನ್ 2018ರಲ್ಲಿ ಪ್ರಕಟಿಸಿದ ಸಿಎಸ್‌ಐನೆಟ್. 32 ಆಂಟೆನಾ, 1,024 ಉಪವಾಹಕಗಳ ಚಾನೆಲನ್ನು ಕೋನ ಮತ್ತು ವಿಳಂಬದ ಚೌಕಕ್ಕೆ ತಿರುಗಿಸಿ, ಮೊದಲ 32 ವಿಳಂಬಗಳನ್ನು ಇಟ್ಟುಕೊಂಡರೆ ವಾಸ್ತವ ಮತ್ತು ಕಾಲ್ಪನಿಕ ಭಾಗಗಳು ಸೇರಿ 2,048 ಸಂಖ್ಯೆಗಳಾಗುತ್ತವೆ. ಮೊಬೈಲ್‌ನಲ್ಲಿನ ಎನ್‌ಕೋಡರ್ ಅದನ್ನು 512, 128, 64 ಅಥವಾ 32 ಸಂಖ್ಯೆಗಳಿಗೆ ಇಳಿಸುತ್ತದೆ. ಬೇಸ್ ಸ್ಟೇಷನ್‌ನಲ್ಲಿನ ಡಿಕೋಡರ್ ಮರಳಿ ಕಟ್ಟುತ್ತದೆ. ನಾಲ್ಕನೆಯ ಒಂದಕ್ಕೆ ಇಳಿಸಿದಾಗ ಒಳಾಂಗಣ ಚಾನೆಲ್‌ನಲ್ಲಿ ದೋಷ ಮೈನಸ್ 17.36 ಡೆಸಿಬೆಲ್, ಅಂದರೆ ಶೇಕಡಾ 2ಕ್ಕಿಂತ ಕಡಿಮೆ. ಹೊರಾಂಗಣದಲ್ಲಿ ಅದೇ ಅನುಪಾತಕ್ಕೆ ಮೈನಸ್ 8.75 ಡೆಸಿಬೆಲ್, ಸುಮಾರು ಶೇಕಡಾ 13. ಹದಿನಾರನೆಯ ಒಂದಕ್ಕೆ ಇಳಿಸಿದರೆ ಹೊರಾಂಗಣದ ದೋಷ ಶೇಕಡಾ 35ಕ್ಕೆ ಏರುತ್ತದೆ. ನಂತರ ಬಂದ ಜಾಲಗಳು ಇದನ್ನು ಉತ್ತಮಪಡಿಸಿವೆ. ಆದರೂ ಒಳಗಿನ ಅಂಕಿಯನ್ನಷ್ಟೇ ನೋಡಿ ಹೊರಗಿನದನ್ನು ಮರೆಯುವ ಅಭ್ಯಾಸ ಈಗಲೂ ಕಾಣುತ್ತದೆ.

ಬಿಟ್ ವಿಷಯ ಇನ್ನೂ ಮುಖ್ಯ. 512 ಸಂಖ್ಯೆಗಳೆಂದರೆ 512 ಬಿಟ್‌ಗಳಲ್ಲ. ಒಂದೊಂದಕ್ಕೆ ನಾಲ್ಕೇ ಬಿಟ್ ಕೊಟ್ಟರೂ 2,048 ಬಿಟ್. ನೀವು ಲೆಕ್ಕ ಹಾಕಿದ ಎರಡು ಲೇಯರ್‌ಗಳ ಟೈಪ್ 2 ವರದಿಯ ಮೂರು ಪಟ್ಟು. ಎರಡೂ ಒಂದೇ ವಸ್ತುವನ್ನು ಕಳಿಸುತ್ತಿಲ್ಲ ಎಂಬುದು ನಿಜ: ಅದು ಇಡೀ ಚಾನೆಲ್, ಇದು ಐಗನ್‌ವೆಕ್ಟರ್. ಆದರೆ ಬೇಸ್ ಸ್ಟೇಷನ್‌ಗೆ ಬೇಕಾದ್ದು ದಿಕ್ಕು ಮಾತ್ರವಾಗಿದ್ದರೆ ಉಳಿದದ್ದನ್ನು ಚೆನ್ನಾಗಿ ಸಂಕುಚಿಸಿ ಕಳಿಸಿದರೂ ಅದು ಹೊರೆಯೇ. 3ಜಿಪಿಪಿಯ ರಿಲೀಸ್ 18 ಅಧ್ಯಯನದಲ್ಲಿ ದೋಷದ ಬದಲು ಮೂಲ ಐಗನ್‌ವೆಕ್ಟರ್‌ಗೂ ಮರಳಿ ಕಟ್ಟಿದ್ದಕ್ಕೂ ಇರುವ ಕೊಸೈನ್ ಹೋಲಿಕೆಯ ವರ್ಗವನ್ನು ಅಳತೆಗೋಲಾಗಿ ಬಳಸಿದ್ದು ಇದೇ ಕಾರಣಕ್ಕೆ. ನೀವೂ ಅದನ್ನೇ ಬಳಸಿ, ಕ್ವಾಂಟೀಕರಿಸಿದ ಬಿಟ್‌ಗಳನ್ನೇ ಅಡ್ಡ ಅಕ್ಷದಲ್ಲಿಟ್ಟು, ಸರಿಪಡಿಸಿದ ರಿಲೀಸ್ 16ರ ರೇಖೆಯನ್ನು ಪಕ್ಕದಲ್ಲೇ ಬರೆಯಿರಿ. ಸರಿಯಾಗಿ ಬರೆದ ರಿಲೀಸ್ 16 ಸುಲಭವಾಗಿ ಸೋಲುವ ಎದುರಾಳಿಯಲ್ಲ.

ಇನ್ನೊಂದು ತೊಡಕು ಗಣಿತದ್ದಲ್ಲ, ಬಾಳುವೆಯದು. ಎನ್‌ಕೋಡರ್ ಒಂದು ಕಂಪನಿಯ ಚಿಪ್‌ನಲ್ಲಿ, ಡಿಕೋಡರ್ ಇನ್ನೊಂದು ಕಂಪನಿಯ ಬೇಸ್ ಸ್ಟೇಷನ್‌ನಲ್ಲಿ. ಎರಡನ್ನೂ ಒಂದಕ್ಕೊಂದು ಹೊಂದುವಂತೆ ತರಬೇತಿಗೊಳಿಸಿದರೆ ಮಾತ್ರ ಅವು ಒಬ್ಬರ ಮಾತು ಒಬ್ಬರಿಗೆ ಅರ್ಥವಾಗುವಂತೆ ಕೆಲಸ ಮಾಡುತ್ತವೆ. ಯಾರು ತರಬೇತಿ ಕೊಡಬೇಕು, ಯಾರ ಡೇಟಾ, ಮಾದರಿ ಬದಲಾದಾಗ ಯಾರು ಯಾರಿಗೆ ಹೇಳಬೇಕು ಎಂಬ ಚರ್ಚೆಯೇ ಆ ಅಧ್ಯಯನದ ದೊಡ್ಡ ಪಾಲನ್ನು ತಿಂದಿತು. ಕೋಡ್‌ಬುಕ್‌ಗೆ ಈ ಚಿಂತೆಯಿಲ್ಲ. ಎರಡೂ ಕಡೆ ಒಂದೇ ಕೋಷ್ಟಕ.

ಮರುಪ್ರಶ್ನೆ: ತರಂಗಿಣಿ

ಮೂವರಿಗೂ ಮನಃಪೂರ್ವಕ ಧನ್ಯವಾದಗಳು. ಮೇಷ್ಟ್ರ ಮಾತಿನಂತೆ ಫೇಸ್‌ಗಳನ್ನು ಮುದ್ರಿಸಿ ನೋಡಿದೆ. ನೀವು ಹೇಳಿದಂತೆಯೇ ಜಿಗಿಯುತ್ತಿದ್ದವು. ಒಳಗುಣಲಬ್ಧದಿಂದ ಜೋಡಿಸಿದ ಮೇಲೆ ಶಕ್ತಿಯ ಬಹುಪಾಲು ನಾಲ್ಕು ಘಟಕಗಳಿಗೆ ಬಂದು ಸೇರಿತು. ಎರಡು ತಿಂಗಳ ಕಷ್ಟ ಎರಡು ಸಾಲಿನಲ್ಲಿ ಮುಗಿದದ್ದನ್ನು ಕಂಡು ಕಣ್ಣು ತುಂಬಿ ಬಂತು. ರಿಲೀಸ್ 17ನ್ನು ಈ ವಾರ ಆರಂಭಿಸುತ್ತೇನೆ. ಒಂದೇ ಒಂದು ಪ್ರಶ್ನೆ ಉಳಿದಿದೆ: ಕೊನೆಗೆ ಎಷ್ಟು ಬಿಟ್ ಇದ್ದರೆ ಸಾಕು ಎಂದು ಮಾರ್ಗದರ್ಶಕರು ಕೇಳಿದರೆ ಏನೆಂದು ಉತ್ತರಿಸಲಿ?

ಉತ್ತರ: ಮ್ಯಾಟ್ರಿಕ್ಸ್ ಮೇಷ್ಟ್ರು

ಸಂತೋಷವಾಯಿತು. ಈ ಪ್ರಶ್ನೆಗೆ ಜಿಂದಾಲ್ ಅವರು 2006ರಲ್ಲಿ ಕೊಟ್ಟ ಉತ್ತರದಿಂದ ಆರಂಭಿಸಿ. ಬೇಸ್ ಸ್ಟೇಷನ್‌ಗೆ ಎಷ್ಟು ಆಂಟೆನಾಗಳಿವೆಯೋ ಅಷ್ಟೇ ಮಂದಿ ಒಂದೊಂದು ಆಂಟೆನಾದ ಬಳಕೆದಾರರಿಗೆ ಏಕಕಾಲದಲ್ಲಿ ಕಳಿಸುವಾಗ, ಪರಿಪೂರ್ಣ ಮಾಹಿತಿ ಇದ್ದಾಗಿನ ದರದಿಂದ 3 ಡೆಸಿಬೆಲ್‌ಗಿಂತ ಹಿಂದುಳಿಯಬಾರದೆಂದರೆ, ಆಂಟೆನಾಗಳ ಸಂಖ್ಯೆಯಲ್ಲಿ ಒಂದನ್ನು ಕಳೆದು, ಅದನ್ನು ಡೆಸಿಬೆಲ್‌ನಲ್ಲಿನ ಎಸ್‌ಎನ್‌ಆರ್‌ನಿಂದ (ಸಂಕೇತಕ್ಕೂ ಗದ್ದಲಕ್ಕೂ ಇರುವ ಅನುಪಾತದಿಂದ) ಗುಣಿಸಿ, ಮೂರರಿಂದ ಭಾಗಿಸಿದಷ್ಟು ಬಿಟ್‌ಗಳು ಪ್ರತಿಯೊಬ್ಬರಿಂದಲೂ ಬೇಕು. 4 ಆಂಟೆನಾ, 10 ಡೆಸಿಬೆಲ್‌ಗೆ 10 ಬಿಟ್. 32 ಆಂಟೆನಾ, 20 ಡೆಸಿಬೆಲ್‌ಗೆ ಸುಮಾರು 207 ಬಿಟ್, ಅದೂ ಒಂದೇ ಸಬ್‌ಬ್ಯಾಂಡ್‌ಗೆ. ಬಿಟ್‌ಗಳನ್ನು ಹೆಚ್ಚಿಸದೆ ಶಕ್ತಿಯನ್ನಷ್ಟೇ ಹೆಚ್ಚಿಸುತ್ತ ಹೋದರೆ, ದಿಕ್ಕಿನ ತಪ್ಪಿನಿಂದ ಒಬ್ಬರ ಸಂಕೇತ ಇನ್ನೊಬ್ಬರ ಮೇಲೆ ಬಿದ್ದು, ದರ ಒಂದು ಮಟ್ಟದಲ್ಲಿ ನಿಂತುಬಿಡುತ್ತದೆ. ಒಬ್ಬರೇ ಬಳಕೆದಾರರಿದ್ದಾಗ ಟೈಪ್ 1 ಸಾಕಾಗಿ, ಹಲವರು ಏಕಕಾಲದಲ್ಲಿ ಬಂದಾಗ ಸಾಲದೆ ಹೋಗುವುದು ಇದರಿಂದಲೇ.

ನಿಮ್ಮ 170 ಬಿಟ್‌ಗಳು 13 ಸಬ್‌ಬ್ಯಾಂಡ್‌ಗಳಿಗೂ ಸೇರಿ. ಆ 207ಕ್ಕೂ ಇದಕ್ಕೂ ಇರುವ ವ್ಯತ್ಯಾಸ, ಜಿಂದಾಲ್ ಅವರ ಲೆಕ್ಕದಲ್ಲಿ 32 ಆಂಟೆನಾಗಳ ಚಾನೆಲ್‌ಗಳು ಒಂದಕ್ಕೊಂದು ಸಂಬಂಧವಿಲ್ಲದವು ಎಂಬ ಊಹೆಯಿಂದ ಬರುತ್ತದೆ. ಎತ್ತರದ ಟವರ್‌ನಿಂದ ನೋಡಿದರೆ ಒಬ್ಬ ಬಳಕೆದಾರನ ಸಂಕೇತ ಕೆಲವೇ ಕೋನಗಳಿಂದ ಬರುತ್ತದೆ, ಕೆಲವೇ ವಿಳಂಬಗಳಲ್ಲಿ. ಎಷ್ಟು ಬಿಟ್ ಸಾಕು ಎಂಬುದನ್ನು ತೀರ್ಮಾನಿಸುವುದು ಆಂಟೆನಾಗಳ ಸಂಖ್ಯೆಯಲ್ಲ, ಆ ಕೆಲವು ದಾರಿಗಳ ಸಂಖ್ಯೆ ಮತ್ತು ಅವುಗಳಲ್ಲಿ ಬೇಸ್ ಸ್ಟೇಷನ್‌ಗೆ ಮೊದಲೇ ಗೊತ್ತಿರುವವು ಎಷ್ಟು ಎಂಬುದು. ಆದ್ದರಿಂದ ಒಂದೇ ಸಂಖ್ಯೆಯನ್ನು ಉತ್ತರವಾಗಿ ಕೊಡಬೇಡಿ. ಬೀಮ್‌ಗಳನ್ನು 2, 4, 6 ಎಂದೂ ಉಳಿಸಿಕೊಳ್ಳುವ ಸಹಗುಣಕಗಳ ಪಾಲನ್ನು ಕಾಲು, ಅರ್ಧ, ಮುಕ್ಕಾಲು ಎಂದೂ ಬದಲಿಸಿ. ನಿರ್ದಿಷ್ಟಪಡಿಸಿರುವ ಜೋಡಣೆಗಳು ಎಂಟೇ ಇರುವುದರಿಂದ ಎಲ್ಲವನ್ನೂ ಓಡಿಸಿ ನೋಡಬಹುದು. ಹಳೆಯ ಟವರ್ ಅವರು ಹೇಳಿದ ಎರಡು ವೇಗಗಳಲ್ಲೂ, ನಾಲ್ಕು ಮಂದಿ ಬಳಕೆದಾರರನ್ನು ಒಟ್ಟಿಗೆ ಇಟ್ಟು, ವರದಿ ಬಂದು ಬಳಕೆಯಾಗುವವರೆಗಿನ ವಿಳಂಬವನ್ನೂ ಸೇರಿಸಿ ದರದ ರೇಖೆಗಳನ್ನು ಬರೆಯಿರಿ. 3 ಕಿಲೋಮೀಟರ್ ವೇಗದ ರೇಖೆ ಬಿಟ್‌ಗಳ ಜೊತೆ ಏರುತ್ತ ಹೋಗಬೇಕು, 60ರ ರೇಖೆ ಬೇಗನೆ ಚಪ್ಪಟೆಯಾಗಬೇಕು. ಹಾಗೆ ಬಾರದಿದ್ದರೆ ಮೊದಲು ನಿಮ್ಮ ವಿಳಂಬದ ಸಾಲನ್ನು ಪರೀಕ್ಷಿಸಿ. ಅಳೆದ ಸ್ಲಾಟ್‌ನ ಚಾನೆಲನ್ನೇ ಕಳಿಸುವ ಸ್ಲಾಟ್‌ಗೂ ಬಳಸಿರುವ ಸಾಧ್ಯತೆ ಹೆಚ್ಚು. ಬಂದ ರೇಖೆಗಳನ್ನು ಇಲ್ಲಿಯೇ ಹಾಕಿ, ಒಟ್ಟಿಗೆ ಕುಳಿತು ನೋಡೋಣ.